ದಾಳಿಂಬೆ ಹಿಂಡಿದ ಕೈ

ಅದು ಶುರುವಾದದ್ದು ದಾಳಿಂಬೆ ಗಿಡದಲ್ಲೇ ಬಿರಿಯುವ ಕಾಲದಲ್ಲಿ, ಬೆಳಕು ಹರಿದು ಹಾಲಿನವನು ಇನ್ನೂ ಓಣಿಗೆ ಬಾರದ ಹೊತ್ತಿನಲ್ಲಿ. ನಾನು ಹಿತ್ತಲ ಬಾಗಿಲ ಬಳಿ ಮಣೆ ಹಾಕಿಕೊಂಡು ಕೂತು, ಅತ್ತೆಯ ಲೋಟಕ್ಕೆ ರಸ ಹಿಂಡಿ ಕೊಟ್ಟು, ಒಲೆಯ ಮುಂದೆ ಬಂದಿದ್ದೆ. ದಿನವೂ ರೊಟ್ಟಿಗೆ ಹಿಟ್ಟು ನಾದುವ ಹೊತ್ತಿಗೆ ಅತ್ತೆಯ ಮೊಣಕಾಲ ನೋವು ನನ್ನ ಬಲಗೈ ಹೆಬ್ಬೆರಳಿನ ಬುಡಕ್ಕೆ ಬಂದು ಕೂರುತ್ತಿತ್ತು. ಅಂದು ಅದು ಬರಲಿಲ್ಲ. ಬದಲಿಗೆ ಅಂಗೈ ನಡುವೆ ಯಾರೋ ಕೀಲಿ ಕೊಟ್ಟ ಹಾಗೆ ಬಿಗಿಯೊಂದು ಶುರುವಾಗಿ ಕಿರುಬೆರಳಿನ ತನಕ ಎಳೆಯಿತು. ಹಿಟ್ಟಿನ ಮುದ್ದೆ ಕೈಯಿಂದ ಜಾರಿ ಪರಾತಕ್ಕೆ ಬಿತ್ತು. ಅಂಥ ಬಿಗಿ ಯಾವುದೆಂದು ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಅದು ಎದೆ.

ನಮ್ಮೂರಲ್ಲಿ ಹಣ್ಣಿನ ರಸ ಕುಡಿದವರ ನೋವು ಹಿಂಡಿದವರ ಕೈಗೆ ಬರುತ್ತದೆ, ದೀಪ ಹಚ್ಚುವ ಹೊತ್ತಿಗೆ ಬಿಟ್ಟುಹೋಗುತ್ತದೆ. ಅಷ್ಟು ಹೊತ್ತು ಕುಡಿದವರು ಹಗುರ. ಹಲ್ಲುನೋವು ಉಗುರಿನ ತುದಿಗೆ ಬರುತ್ತದೆ, ಸೊಂಟ ಮಣಿಕಟ್ಟಿಗೆ, ತಲೆನೋವು ಬೆರಳ ಸಂದಿಗೆ. ತಾನೇ ಹಿಂಡಿ ತಾನೇ ಕುಡಿದರೆ ಬಲಗಾಲಿನ ಮುಳ್ಳು ತೆಗೆದು ಎಡಗಾಲಿಗೆ ಚುಚ್ಚಿಕೊಂಡಂತೆ. ಅದಕ್ಕೇ ಇಲ್ಲಿ ಒಬ್ಬರಿಗೊಬ್ಬರು ಹಿಂಡಬೇಕು. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ಯಾರ್ಯಾರಿಗೆ ಹಿಂಡಿದ್ದಾಳೆ ಎಂದು ಕೇಳುತ್ತಾರೆ. ಸೊಂಟ ಹಿಡಿದಿದೆ ಎಂದು ಮಲಗಿದ ಗಂಡನಿಗೆ ಹೆಂಡತಿ ಒಂದು ಲೋಟ ಮೋಸಂಬಿ ಕುಡಿಸಿದರೆ ಸಾಕು, ಅವನು ಮಧ್ಯಾಹ್ನದೊಳಗೆ ಕೆಲಸಕ್ಕೆ ಹೊರಟಿರುತ್ತಾನೆ. ದಾರಿಯಲ್ಲಿ ಸಿಕ್ಕವರು ಮೊದಲು ಕೈ ನೋಡುತ್ತಾರೆ, ಆಮೇಲೆ ಮುಖ. ಬೆರಳು ಮಡಚಿಕೊಂಡಿದ್ದರೆ ಕೇಳುತ್ತಾರೆ: "ಇವತ್ತ ಯಾರದು?" ಅತ್ತೇದು, ಮಗಂದು, ಮೇಲಿನ ಮನಿ ಅಜ್ಜಂದು ಎಂದು ಹೇಳಿ ಮುಂದೆ ಹೋಗುತ್ತೇವೆ. ನಮ್ಮಲ್ಲಿ ನಮಸ್ಕಾರ ಎಂದರೆ ಅದೇ.

ಮಿಕ್ಸರ್ ಬಂದ ಮೇಲೆ ಕೆಲವರು ಅದರಲ್ಲೂ ರಸ ತೆಗೆಯತೊಡಗಿದರು. ಬಣ್ಣ ಚೆನ್ನಾಗಿ ಬರುತ್ತದೆ, ಕುಡಿದವರ ಮುಖಕ್ಕೆ ಕಳೆಯೂ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ನೋವು ಇದ್ದಲ್ಲೇ ಇರುತ್ತದೆ. ಆ ರಸ ಬೀಗರಿಗೆ. ಮನೆಯವರಿಗೆ ಕೈಯದೇ ಆಗಬೇಕು. ದಾಳಿಂಬೆಯನ್ನು ಬಿಡಿಸಿ, ಹಳದಿ ಪೊರೆ ಒಂದಿಷ್ಟೂ ಉಳಿಯದಂತೆ ತೆಗೆದು, ಹಳೆ ಧೋತರದ ತೆಳು ತುಂಡಿನಲ್ಲಿ ಗಂಟು ಕಟ್ಟಿ, ತಿರುವದೆ ಒತ್ತಬೇಕು. ತಿರುವಿದರೆ ಬೀಜ ಒಡೆದು ಒಗರಾಗುತ್ತದೆ. ಸಕ್ಕರೆ ಹಾಕಬಾರದು, ಇಡಬಾರದು, ಲೋಟದಲ್ಲಿ ನೊರೆ ಇರುವಾಗಲೇ ಕುಡಿಯಬೇಕು. ಹೀಗೆ ಕುಡಿದ ಮೈಯಲ್ಲಿ ರೋಗ ಬಹಳ ದಿನ ನಿಲ್ಲುವುದಿಲ್ಲ. ನನ್ನ ವಯಸ್ಸೇ ಇದಕ್ಕೆ ಸಾಕ್ಷಿ.

ಇರಲಿ. ಅತ್ತೆ ಬಾಳವ್ವನ ಎದೆ ಕೆಟ್ಟಿದೆ ಎಂದು ತಿಳಿದ ಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ. ನಮ್ಮ ಮನೆಯವರು ಅವ್ವ ಎಂದರೆ ಪ್ರಾಣ ಬಿಡುವವರು. ಅರ್ಧ ಕ್ಷೌರ ಮಾಡಿಕೊಂಡಿದ್ದ ಗಲ್ಲದಲ್ಲೇ ಓಡಿಹೋಗಿ ಡಾಕ್ಟರನ್ನು ಕರೆತಂದರು. ನಮ್ಮೂರ ಡಾಕ್ಟರು ಮೊದಲು ಹಿಂಡಿದವರ ಕೈ ಹಿಡಿದು ನೋಡುತ್ತಾರೆ. ನನ್ನ ಅಂಗೈ ಒತ್ತಿ, ಕಿರುಬೆರಳು ಮಡಚಿಸಿ ಬಿಡಿಸಿದರು. ಆಮೇಲೆ, "ಇದು ನನ್ನ ಕೈಯಾಗಿಂದಲ್ಲ. ದೊಡ್ಡ ಆಸ್ಪತ್ರಿಗೆ ಒಯ್ಯಬೇಕು, ಹೋದ ದಿನಾನ ಎದಿ ಬಿಚ್ಚಿ ಸರಿ ಮಾಡ್ತಾರ. ಗುರುವಾರದ ಬಸ್ಸಿಗೆ ಕಳಸ್ರಿ. ಮುಂದಿನ ಗುರುವಾರ ಅನಬ್ಯಾಡ್ರಿ" ಎಂದರು. ನಮ್ಮೂರಿನಿಂದ ಹೊರಗೆ ಹೋಗುವ ಬಸ್ಸು ವಾರಕ್ಕೆ ಒಂದೇ. ಮನೆಯವರು ಅಂದೇ ಹೋಗಿ ಮುಂದಿನ ಸೀಟು ಹೇಳಿಬಂದರು.

"ನನಗೇನೂ ಆಗಿಲ್ಲೋ ಚನ್ನಾ" ಎಂದು ಅತ್ತೆ ಅಂದಳು.

"ನೀ ಸುಮ್ನಿರವ್ವ. ಕೈ ಸುಳ್ಳ ಹೇಳತೈತೇನು?"

ಅತ್ತೆ ಬಾಯಿ ತೆರೆದು, ನನ್ನ ಕೈ ನೋಡಿ, ಮುಚ್ಚಿಕೊಂಡಳು. ಓಣಿಯನ್ನೆಲ್ಲ ಬಾಯಿಂದಲೇ ಗುಡಿಸುತ್ತಿದ್ದ ಹೆಂಗಸು ಹಾಗೆ ಸುಮ್ಮನಾದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅಂದಿನಿಂದ ಅವಳಿಗೆ ಮಂಚವೇ ಗತಿ. ಉಪ್ಪಿನಕಾಯಿ ಇಲ್ಲ, ಖಾರಬ್ಯಾಳಿ ಇಲ್ಲ, ಮೆಟ್ಟಿಲು ಇಲ್ಲ, ಜಗಳವಂತೂ ಇಲ್ಲವೇ ಇಲ್ಲ. ಓಣಿಯ ಹೆಂಗಸರು ಬಂದು ಕಾಲದೆಸೆಯಲ್ಲಿ ಕೂತು ನಿಟ್ಟುಸಿರು ಬಿಟ್ಟರು. "ನಾ ಇನ್ನೂ ಸತ್ತಿಲ್ಲ, ಎದ್ದು ಹೋಗ್ರೇ" ಎಂದು ಗದರಿಸಿದರೆ, "ಪಾಪ, ಎದಿ ಇದ್ದೋರಿಗೆ ಸಿಟ್ಟು ಜಾಸ್ತಿ" ಎಂದು ಇನ್ನೊಂದು ನಿಟ್ಟುಸಿರು. ಆದರೆ ಬೆಳಗಿನ ರಸವನ್ನು ಮಾತ್ರ ಯಾರ ಎದುರಿಗೂ ಕುಡಿಯಲೊಲ್ಲಳು. "ನೋಡ್ಕೋತ ಕುಂತ್ರ ಗಂಟಲದಾಗ ಇಳಿಯಂಗಿಲ್ಲ. ನಾ ಹಿತ್ತಲದಾಗ ಗಾಳಿಗೆ ಕುಂತು ಕುಡಿತೀನಿ, ಅಷ್ಟರ ಬಿಡ್ರಿ." ಅಷ್ಟಕ್ಕೆ ಬಿಟ್ಟೆವು. ಕೋಲೂರಿಕೊಂಡು, ಹೆಜ್ಜೆಗೊಮ್ಮೆ ಹಲ್ಲು ಕಚ್ಚಿ, ಲೋಟದ ಮೇಲೆ ಬಾಳೆ ಎಲೆಯ ಚೂರು ಮುಚ್ಚಿ, ಹಿತ್ತಲಿಗೆ ಹೋಗುತ್ತಿದ್ದಳು. ಬಂದವಳು ಖಾಲಿ ಲೋಟ ಕೊಟ್ಟು ಮೊದಲು ಕೇಳುತ್ತಿದ್ದದ್ದು ಒಂದೇ.

"ನೀಲವ್ವ, ಇವತ್ತ ಹ್ಯಾಂಗೈತಿ ನಿನ್ನ ಕೈ? ನಿನ್ನಿಗಿಂತ ಕಡಿಮಿ ಐತೇನು?"

"ಅಷ್ಟ ಐತ್ರಿ ಅತ್ತಿ."

"ಹೆಚ್ಚಾಗಿಲ್ಲ ಹೌದಲ್ಲ? ಖರೇ ಹೇಳು."

ಹೀಗೆ ಕೇಳುವಾಗ ಅವಳ ಕೈ ಎಂದೂ ತನ್ನ ಎದೆಯ ಕಡೆ ಹೋಗುತ್ತಿರಲಿಲ್ಲ. ಮೊಣಕಾಲನ್ನೇ ನೀವಿಕೊಳ್ಳುತ್ತಿದ್ದಳು. ಅದು ನನ್ನ ಕಣ್ಣಿಗೆ ಬಿತ್ತು. ಬಿದ್ದದ್ದನ್ನು ಎತ್ತಿ ಆಡಲಿಲ್ಲ. ನಾನು ಶಾಲೆಯಲ್ಲಿ ಕಲಿತದ್ದು ಕಡಿಮೆ, ಕಾಯುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೇನೆ.

ಸೋಮವಾರ ಮನೆಯವರು ಹಟ ಹಿಡಿದರು. ರಾತ್ರಿಯ ಮಂಜು ಇನ್ನೂ ಆರಿಲ್ಲ, ಹಿತ್ತಲಿಗೆ ಬೇಡ, ಇಲ್ಲೇ ಕುಡಿ ಎಂದು ಲೋಟವನ್ನು ಅವಳ ತುಟಿಗೆ ಹಿಡಿದರು. "ಆಮ್ಯಾಲೆ ಕುಡಿತೀನೋ." "ಈಗ." "ಬಿಸಿಲ ಬರಲಿ." "ಈಗ ಅವ್ವ." ಮಗ ಕಣ್ಣಲ್ಲಿ ನೀರು ತಂದುಕೊಂಡ. ಅತ್ತೆ ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿ, ಔಷಧಿ ನುಂಗುವಂತೆ ನುಂಗಿದಳು. ನಾನು ಹಿಟ್ಟಿಗೆ ಕೈ ಇಟ್ಟದ್ದೇ ತಡ, ಹೆಬ್ಬೆರಳಿನ ಬುಡಕ್ಕೆ ಹಳೆಯ ಮೊಣಕಾಲು ಬಂದು ಕೂತಿತು, ತವರಿಗೆ ಹೋಗಿದ್ದ ಸೊಸೆ ಮರಳಿ ಬಂದ ಹಾಗೆ. ಎದೆಯ ಬಿಗಿ ಇಲ್ಲವೇ ಇಲ್ಲ.

ಮನೆಯವರು ಕುಣಿದಾಡುವುದೊಂದು ಬಾಕಿ. "ಎದಿ ಹೋತು! ನಾ ಹೇಳಿದ್ದಿಲ್ಲಾ, ಖಾರ ಬಿಟ್ರ ಹೋಗತೈತಿ ಅಂತ!" ಓಣಿಗೆಲ್ಲ ಸಕ್ಕರೆ ಹಂಚಿದರು. ಅತ್ತೆ ಮಾತ್ರ ನನ್ನ ಕೈಯನ್ನು ಹಿಡಿದು, ಒತ್ತಿ ಒತ್ತಿ ನೋಡಿ, "ಬಿಗಿ ಬರಲೇ ಇಲ್ಲೇನು? ಚೂರೂ ಬರಲಿಲ್ಲೇನು?" ಎಂದು ಕೇಳಿದಳು. ಬರಲಿಲ್ಲ ಎಂದಾಗ ಗೋಡೆಯ ಕಡೆ ತಿರುಗಿ ಮಲಗಿ ಸೆರಗು ಬಾಯಿಗಿಟ್ಟುಕೊಂಡಳು. ಎದೆ ನೆಟ್ಟಗಾಯಿತೆಂದು ಅಳುವವರುಂಟೇ? ಇನ್ನೊಂದು ಸಂಗತಿ. ಅಂದು ಅವಳು ಕೋಲಿಲ್ಲದೆ ಬಚ್ಚಲಿಗೆ ಹೋಗಿಬಂದಳು. ಹಿಂದಿನ ದಿನಗಳಲ್ಲೆಲ್ಲ ರಸ ಕುಡಿದೂ ಕುಂಟುತ್ತಿದ್ದವಳು.

ಮಂಗಳವಾರ ಅವಳು ಮಗ ಏಳುವ ಮುಂಚೆಯೇ ಹಿತ್ತಲಿಗೆ ಹೋದಳು. ನಾನು ತಡೆಯಲಿಲ್ಲ. ಹಿಟ್ಟು ನಾದುವ ಹೊತ್ತಿಗೆ ಬಿಗಿ ಬಂತು, ಮೊದಲಿಗಿಂತ ಗಟ್ಟಿಯಾಗಿ. ರೊಟ್ಟಿ ಬಡಿದು ಮುಗಿಸಿ ನಾನು ಹಣ್ಣು ತರಲು ಪೇಟೆಗೆ ಹೊರಟೆ. ಪೇಟೆಯ ನಡುವೆ ನಮ್ಮೂರ ಗಡಿಯಾರದ ಗೋಪುರವಿದೆ. ಅದಕ್ಕೆ ಹೊರಗಿನಿಂದ ಕಬ್ಬಿಣದ ಏಣಿ. ಹಣ್ಣಿನ ಬುಟ್ಟಿಗಳ ಮುಂದೆ ಕೂತು ದಾಳಿಂಬೆ ಆರಿಸುತ್ತಿದ್ದೆ. ಬಿಗಿ ಇದ್ದಕ್ಕಿದ್ದಂತೆ ಹೆಚ್ಚಿತು. ಹಣ್ಣು ಕೈಯಲ್ಲಿ ನಿಲ್ಲಲಿಲ್ಲ. ಸ್ವಲ್ಪ ಇಳಿಯಿತು. ಮತ್ತೆ ಹೆಚ್ಚಿತು. ಮತ್ತೆ ಇಳಿಯಿತು.

"ಇವತ್ತ ಯಾರದಕ್ಕಾ?" ಎಂದು ಹಣ್ಣಿನವಳು ಕೇಳಿದಳು.

ಅತ್ತೇದು ಅನ್ನಲು ತಲೆ ಎತ್ತಿದೆ. ಏಣಿಯ ಮೇಲೆ ಅತ್ತೆಯ ತಮ್ಮ ಗುರುಪಾದಪ್ಪ ಹತ್ತುತ್ತಿದ್ದ. ಒಂದು ಮೆಟ್ಟಿಲು ಹತ್ತಿದ, ನನ್ನ ಕೈ ಬಿಗಿಯಿತು. ನಿಂತ, ಬಿಟ್ಟಿತು. ಹೆಗಲ ಚೀಲ ಸರಿಮಾಡಿಕೊಂಡು ಇನ್ನೊಂದು ಹತ್ತಿದ, ಬಿಗಿಯಿತು. ಮೇಲೆ ನಿಂತು ಗಡಿಯಾರಕ್ಕೆ ಕೀಲಿ ತಿರುವತೊಡಗಿದಾಗ ನನ್ನ ಬೆರಳುಗಳೆಲ್ಲ ಮಡಚಿ ಅಂಗೈಗೆ ಅಂಟಿಕೊಂಡವು. ಅವನು ಮಾತ್ರ ಮೇಲೆ ಸಿಳ್ಳೆ ಹಾಕುತ್ತಿದ್ದ. ನೋವಿಲ್ಲದ ಮನುಷ್ಯನ ಸಿಳ್ಳೆ.

"ಮಾವಂದು" ಎಂದೆ ನಾನು. ಹಣ್ಣಿನವಳು ಬೆರಗಾಗಿ ನನ್ನನ್ನೇ ನೋಡಿದಳು.

ಆಗಬೇಕಾದ್ದೇ. ಗುರುಪಾದಪ್ಪ ನಮ್ಮ ಹಿತ್ತಲ ಗೋಡೆಯ ಆಚೆಗೇ ಒಬ್ಬನೇ ಇರುವವನು, ಊರಿನ ಗಡಿಯಾರಗಳನ್ನೆಲ್ಲ ರಿಪೇರಿ ಮಾಡುವವನು. ಆದರೆ ನಾನು ಸೊಸೆಯಾಗಿ ಬಂದಾಗಿನಿಂದ ಎರಡು ಮನೆಗೂ ಮಾತಿಲ್ಲ. ಅದಕ್ಕೆ ಕಾರಣ ಹೊಲವೂ ಅಲ್ಲ, ಮನೆಯೂ ಅಲ್ಲ. ಅವರ ತಾಯಿ ಹಾಸಿಗೆ ಹಿಡಿದಾಗ ಹಣ್ಣು ಹಿಂಡಿದವಳು ಅತ್ತೆಯೊಬ್ಬಳೇ. ಗುರುಪಾದಪ್ಪ ಒಂದು ದಿನವೂ ಹಿಂಡಲಿಲ್ಲ. ಬೆರಳು ನಡುಗಿದರೆ ಗಡಿಯಾರದ ಕೆಲಸ ಕೆಡುತ್ತದೆ ಎಂದ. ಕೊನೆಗೊಂದು ದಿನ ತಾಯಿಯ ನೋವು ಕೈಯಲ್ಲಿರುವಾಗಲೇ ಅತ್ತೆಯ ಕೈ ತಣ್ಣಗಾಯಿತು. ನೀರು ಸೇದುತ್ತಿದ್ದವಳು ಹಗ್ಗ ಬಿಟ್ಟು ಬಾವಿಕಟ್ಟೆಯಲ್ಲೇ ಕೂತಳಂತೆ. ಒಳಗೆ ಮಲಗಿದ್ದ ತಾಯಿ ಹೋದದ್ದು ಮನೆಯವರಿಗೆಲ್ಲ ಗೊತ್ತಾದದ್ದು ಆಮೇಲೆ. ದೀಪಕ್ಕೆ ಮುಂಚೆಯೇ ನೋವು ಬಿಟ್ಟಾಗ ಹಿಂಡಿದವರ ಕೈ ಬೆಚ್ಚಗಿದ್ದರೆ ಕುಡಿದವರು ನೆಟ್ಟಗಾದರು, ತಣ್ಣಗಿದ್ದರೆ ಆ ಜೀವ ಇಲ್ಲ. ಅಂದು ಅತ್ತೆ, ಇನ್ನು ಈ ಗೋಡೆಯ ಮೇಲಿಂದ ಒಂದು ಹನಿ ನೀರೂ ಆಚೆ ಹೋಗುವುದಿಲ್ಲ ಎಂದು ಊರ ಮುಂದೆ ಹೇಳಿದವಳು. ಹೇಳಿದರೆ ಹೇಳಿದಳು, ಬಾಳವ್ವ.

ನಾನು ಆರಿಸಿದಷ್ಟು ಹಣ್ಣು ಸೆರಗಿಗೆ ಹಾಕಿಕೊಂಡು ಮನೆಗೆ ಬಂದೆ. ಅತ್ತೆ ಮಂಚದ ಮೇಲೆ ಕೂತು ಹತ್ತಿ ಬಿಡಿಸುತ್ತಿದ್ದಳು. "ಅತ್ತಿ, ಮಾವ ಗೋಪುರ ಹತ್ತ್ಯಾನ" ಎಂದೆ. ಹತ್ತಿ ಕೈಯಿಂದ ಬಿತ್ತು.

"ಹುಚ್ಚ! ಹುಚ್ಚ ಸೂಳೇಮಗ! ಮ್ಯಾಲ ಯಾಕ ಹತ್ತಿದಾ?"

"ನೋವಿಲ್ಲಲ್ಲರಿ ಅವಗ. ನೋವು ನನ್ನ ಕೈಯಾಗೈತಿ. ಹತ್ತಲಾರದ ಏನ ಮಾಡ್ತಾನ?"

ಅತ್ತೆ ನನ್ನ ಮುಖ ನೋಡಿದಳು. ನನಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. "ನಳದ ಹತ್ರ ಕೊಡ ಇಟ್ಟು ನೆಲಕ್ಕ ಕುಂತಿದ್ದ, ನೀಲವ್ವ. ಎದಿ ಹಿಡಕೊಂಡು. ಅರ್ಧ ಕೊಡ, ಎತ್ತಲಿಕ್ಕ ಆಗಲಿಲ್ಲ ಅವಗ. ಗ್ವಾಡ್ಯಾಗ ಒಂದ ಇಟ್ಟಂಗಿ ಬಿದ್ದೈತಲ್ಲ, ಆ ಸಂದ್ಯಾಗ ಲೋಟ ಇಟ್ಟೆ. ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀರ ಕೊಡಂಗಿಲ್ಲ ಅಂದಿದ್ದೆ, ರಸ ಕೊಡಂಗಿಲ್ಲ ಅಂದಿದ್ದೆನೇನು?"

"ಡಾಕ್ಟರ ಬಂದಾಗ ಹೇಳಬೇಕಿತ್ತಲ್ಲರಿ."

"ಹೇಳಿದ್ರ ನನ್ನ ಮಗ ಹೋಗಿ ಅವಗ ಹೇಳ್ತಿದ್ದ. ನೋವು ನಿನ್ನ ಕೈಗೆ ಬರತೈತಿ ಅಂತ ಗೊತ್ತಾದ್ರ ಅವ ಮರುದಿನದಿಂದ ಲೋಟ ಮುಟ್ಟತಿದ್ದಿಲ್ಲ. ಬರೇ ಒಂದು ಹಗಲು ಹಗುರ ಇರಲಿ ಅಂತ ಮಾಡಿದ್ದವ್ವ. ಹಗುರಾಗಿ ಗೋಪುರ ಹತ್ತತಾನ ಅಂತ ನನಗೇನ ಗೊತ್ತು?"

ಬೇರೆ ಊರಿನವರಾಗಿದ್ದರೆ ಇಂಥ ತಪ್ಪು ಮಾಡುತ್ತಿರಲಿಲ್ಲ. ನಾವು ಕೈಯನ್ನು ಅಷ್ಟು ನಂಬುತ್ತೇವೆ, ಲೋಟ ಯಾರ ಬಾಯಿಗೆ ಹೋಯಿತು ಎಂದು ನೋಡುವುದಿಲ್ಲ. ಗುರುವಾರದ ಬಸ್ಸಿಗೆ ನೆಟ್ಟಗಿದ್ದ ಎದೆಯನ್ನು ಕಳಿಸಲು ಸೀಟು ಹೇಳಿ, ಕೆಟ್ಟ ಎದೆಯನ್ನು ಏಣಿ ಹತ್ತಿಸಿ ಕೂತಿದ್ದೆವು.

ಬುಧವಾರ ಬೆಳಿಗ್ಗೆ ಲೋಟವನ್ನು ನಾನೇ ಗೋಡೆಯ ಸಂದಿಗೆ ಒಯ್ದೆ. ಆಚೆಯಿಂದ ಕೈ ಬಂತು. ಉದ್ದ ಬೆರಳು, ಉಗುರಿನ ಸಂದಿಯಲ್ಲಿ ಗಡಿಯಾರದ ಎಣ್ಣೆ. ಲೋಟ ಬಿಡದೆ ಹಿಡಿದುಕೊಂಡೆ.

"ಮಾವ, ಇವತ್ತ ಮೊದಲ ಮಾತು, ಆಮ್ಯಾಲ ರಸ."

ಕೈ ಹಿಂದೆ ಸರಿಯಿತು. "ಯಾರದು?"

"ನಾ ನೀಲವ್ವ. ನಿಮಗ ಎದಿ ಕೆಟ್ಟೈತಿ. ನಾಳಿ ಬಸ್ಸಿಗೆ ಹೋಗಬೇಕು."

"ನನಗ ಎದಿ ನೋವ ಇಲ್ಲ ತಂಗಿ. ಗಟ್ಟಿ ಅದೀನಿ ನಾನು."

"ನಿಮಗಿಲ್ಲ. ದಿನಾ ನನಗೈತಿ."

ಅವನು ಅಕ್ಕನೇ ಹಿಂಡುತ್ತಾಳೆ ಎಂದುಕೊಂಡಿದ್ದನಂತೆ, ಆಮೇಲೆ ಹೇಳಿದ. ಹಾಗೆಂದುಕೊಂಡೇ ಕುಡಿದಿದ್ದನಂತೆ. ಅಷ್ಟರಲ್ಲಿ ನನ್ನ ಹಿಂದೆ ಕೋಲಿನ ಟಕ್ ಟಕ್ ಕೇಳಿತು. ಅತ್ತೆ ಬಂದು ಗೋಡೆಗೆ ಆತು ನಿಂತಳು. ಇಷ್ಟು ವರ್ಷದ ಮೇಲೆ ತಮ್ಮನಿಗೆ ಅವಳು ಆಡಿದ ಮೊದಲ ಮಾತು ಬೈಗುಳ.

"ಏ ಗುರ್ಯಾ, ಗೋಪುರ ಹತ್ತಿದಿ ಅಂತಲ್ಲ? ನಿನ್ನ ಕಾಲ ಮುರೀಲಿ."

"ಬಯ್ಯಲಿಕ್ಕರ ಬಾಯಿ ಬಿಟ್ಟೆಲ್ಲಕ್ಕಾ. ಛಲೋ ಆತು."

"ಬಸ್ಸಿಗೆ ಹೋಗತೀಯೋ ಇಲ್ಲೋ?"

"ಒಲ್ಲೆ. ಎದಿ ಬಿಚ್ಚತಾರಂತ. ಗಡಿಯಾರ ಬಿಚ್ಚಿದವಗ ಗೊತ್ತಿರತೈತಿ, ಬಿಚ್ಚಿದ್ದೆಲ್ಲಾ ಮತ್ತ ನಡಿಯಂಗಿಲ್ಲ."

"ಅವ್ವನ ಸಲುವಾಗಿ ಬೆರಳು ಜ್ವಾಪಾನ ಮಾಡಿದಿ. ಈಗ ಎದಿ ಜ್ವಾಪಾನ ಮಾಡತೀ. ನಿನಗ ಬರೇ ನಿಂದ ಚಿಂತಿ."

ಆಗ ಅವನು ಹೇಳಿದ್ದನ್ನು ನಾನು ಮರೆತಿಲ್ಲ. ಗೋಡೆಯ ಸಂದಿಗೆ ಬಾಯಿ ಹತ್ತಿರ ತಂದು, ಹುಡುಗನ ದನಿಯಲ್ಲಿ ಹೇಳಿದ: "ಬೆರಳಲ್ಲಕ್ಕಾ. ಬೆರಳ ಹೆಸರಿಲೆ ತಪ್ಪಿಸಿಕೊಂಡೆ. ಅಂಜಿಕಿ ಇತ್ತು ನನಗ. ಅವ್ವ ನನ್ನ ಕೈಯಾಗ ತಣ್ಣಗಾಗಬಾರದು ಅಂತ."

"ಮತ್ತ ನನ್ನ ಕೈಯಾಗ ಆಗಬಹುದಿತ್ತೇನೋ?" ಎಂದಳು ಅತ್ತೆ.

ಉತ್ತರಕ್ಕೆ ಕಾಯಲಿಲ್ಲ. ನನ್ನ ಕೈಯಿಂದ ಲೋಟ ಕಿತ್ತುಕೊಂಡು ನೆಲಕ್ಕೆ ಚೆಲ್ಲಿದಳು. "ಇವತ್ತ ನಿನ್ನ ನೋವು ನೀನ ಉಣ್ಣು. ಸಂಜೀತನಕ ಉಂಡ ಮ್ಯಾಲ ಬಸ್ಸಿಗೆ ಹೋಗತೀಯೋ ಇಲ್ಲೋ ಹೇಳು." ಅವಳ ಕಣ್ಣು ಮಾತ್ರ ಚೆಲ್ಲಿದ ಕೆಂಪಿನ ಮೇಲೆಯೇ ಇತ್ತು.

ಅಂದು ನನ್ನ ಬಲಗೈ ಹಗುರವಾಗಿತ್ತು, ರೊಟ್ಟಿ ತೆಳ್ಳಗೆ ಬಂದವು, ಯಾರೂ ತಿನ್ನಲಿಲ್ಲ. ಮನೆಯವರಿಗೆ ಎಲ್ಲ ಹೇಳಿದ್ದಾಗಿತ್ತು. ಅವರು ಒಳಗೆ ಹೊರಗೆ ತಿರುಗುತ್ತ, "ಸಕ್ಕರಿ ಹಂಚಿದ್ನಲ್ಲೇ, ಊರೆಲ್ಲಾ ಹಂಚಿದ್ನಲ್ಲೇ" ಎನ್ನುತ್ತಿದ್ದರು. ಅತ್ತೆ ಹಿತ್ತಲಲ್ಲೇ ಕೂತಿದ್ದಳು. ಗೋಡೆಯಾಚೆ ಕೆಮ್ಮು ಕೇಳಿದಾಗೊಮ್ಮೆ ಕೋಲಿನ ಮೇಲಿನ ಅವಳ ಹಿಡಿ ಬಿಗಿಯಾಗುತ್ತಿತ್ತು. ದೀಪದ ಹೊತ್ತಿಗೆ ಗೋಡೆಯ ಸಂದಿಯಲ್ಲಿ ಒಂದು ದನಿ ಬಂತು. "ಅಕ್ಕಾ, ಹೋಗತೀನಿ."

ಬೆಳಗಾಗುವ ಹೊತ್ತಿಗೆ ಗುರುಪಾದಪ್ಪ ನಮ್ಮ ಮುಂಬಾಗಿಲಿಗೆ ಬಂದು ನಿಂತಿದ್ದ. ಒಗೆದ ಧೋತರ, ಕೈಯಲ್ಲಿ ಸಣ್ಣ ಟ್ರಂಕು. ರಾತ್ರಿ ನಿದ್ದೆ ಮಾಡಿದ ಮುಖವಲ್ಲ. ಟ್ರಂಕು ಇಟ್ಟು ನನ್ನನ್ನು ಕೇಳಿದ, "ತಂಗಿ, ಹಣ್ಣು ಅದಾವೇನು?"

ಇದ್ದವು. ಎರಡು ಮಣೆ ಹಾಕಿದೆ. ಅಕ್ಕ ತಮ್ಮ ಎದುರುಬದುರು ಕೂತರು. ಅವನಿಗೆ ಹಣ್ಣು ಬಿಡಿಸಲೂ ಬರುತ್ತಿರಲಿಲ್ಲ. ಗಂಟು ಕಟ್ಟಿ ತಿರುವಹೋದ. "ತಿರುವಬ್ಯಾಡೋ, ಗಡಿಯಾರಲ್ಲ ಅದು. ಒತ್ತು" ಎಂದು ಅತ್ತೆ ಕೈ ಮೇಲೆ ಕೈ ಇಟ್ಟು ತೋರಿಸಿದಳು. ಅವನು ಹಿಂಡಿದ್ದನ್ನು ಅವಳು ಕುಡಿದಳು, ಅವಳು ಹಿಂಡಿದ್ದನ್ನು ಅವನು ಕುಡಿದ. ಅವನದು ಒಗರಾಗಿತ್ತು. ಅವಳು ಹೇಳಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಗುರುಪಾದಪ್ಪ ಹೆಬ್ಬೆರಳು ಹಿಡಿದುಕೊಂಡು, "ಯಪ್ಪಾ! ಇದೇನಕ್ಕಾ ಇದು, ಬೀಸುಕಲ್ಲು ಇಟ್ಟಂಗ ಐತಲ್ಲ! ಇದನ್ನ ಹೊತ್ಕೊಂಡು ಗ್ವಾಡಿತನಕ ಬರತಿದ್ದೇನು ದಿನಾ?" ಎಂದ. ಅತ್ತೆ ಉತ್ತರ ಕೊಡಲು ಹೋಗಿ ತನ್ನ ಅಂಗೈ ನೋಡಿಕೊಂಡಳು. ಬೆರಳು ಒಂದೊಂದಾಗಿ ಮಡಚುತ್ತಿದ್ದವು. ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅದೇ ಬಿಗಿ.

ಬಸ್ ನಿಲ್ದಾಣಕ್ಕೆ ಅವಳು ಕೋಲಿಲ್ಲದೆ ನಡೆದಳು. ತಮ್ಮ ಎದೆ ಹಿಡಿಯದೆ ನಡೆದ. ಇಬ್ಬರದೂ ಬಲಗೈ ಮುಷ್ಟಿ. ಮನೆಯವರು ಟ್ರಂಕು ಹೊತ್ತು, ಮಾವನ ಜೊತೆ ತಾವೂ ಹೋಗುವುದೆಂದು ಮುಂದೆ ಮುಂದೆ ಹೋದರು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ಕೊನೆಗೆ ಪೇಟೆಯಲ್ಲಿ ಹಣ್ಣಿನವಳೇ ಕೇಳಿದಳು, "ಬಾಳವ್ವ, ಇವತ್ತ ಯಾರದು?"

ಅತ್ತೆ ನಿಂತಳು. ಊರೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು, "ನನ್ನ ತಮ್ಮಂದು."

ಬಸ್ಸು ಹೋದ ಮೇಲೆ ಅವಳು ಮನೆಗೆ ಬಂದು ಹಿತ್ತಲ ಬಾವಿಕಟ್ಟೆಯ ಮೇಲೆ ಕೂತಳು, ಮುಷ್ಟಿಯನ್ನು ಮಡಿಲಲ್ಲಿಟ್ಟುಕೊಂಡು. ಊಟಕ್ಕೆ ಏಳಲಿಲ್ಲ. ನಾನು ಪಕ್ಕದಲ್ಲಿ ಕೂತು ಅವಳ ಕೈಯ ಮೇಲೆ ಕೈ ಇಟ್ಟಿದ್ದೆ. ಇಬ್ಬರೂ ಒಂದೇ ಒಂದನ್ನು ಕಾಯುತ್ತಿದ್ದೆವು. ಬಿಸಿಲು ಗೋಡೆಯಿಂದ ಇಳಿದು ಇಟ್ಟಿಗೆ ಬಿದ್ದ ಸಂದಿಗೆ ಬಂದ ಹೊತ್ತು. ದೀಪ ಹಚ್ಚಲು ಇನ್ನೂ ಬಹಳ ಸಮಯವಿತ್ತು. ಅವಳ ಕಿರುಬೆರಳು ಅಲುಗಿತು. ಆಮೇಲೆ ಅದರ ಪಕ್ಕದ್ದು. ಮುಷ್ಟಿ ತಾನಾಗಿ ಬಿಚ್ಚಿಕೊಂಡಿತು. ಅತ್ತೆ ಕಣ್ಣು ಮುಚ್ಚಿಕೊಂಡು, "ನೀಲವ್ವ, ನೀ ಮುಟ್ಟಿ ನೋಡು. ನನಗ ಧೈರ್ಯ ಇಲ್ಲ" ಎಂದಳು.

ಮುಟ್ಟಿ ನೋಡಿದೆ. ಆಗ ತಾನೇ ಹೆಂಚಿನಿಂದ ತೆಗೆದ ರೊಟ್ಟಿಯ ಹಾಗೆ ಬೆಚ್ಚಗಿತ್ತು.

ಗುರುಪಾದಪ್ಪ ಅಕ್ಕನ ಮೊಣಕಾಲನ್ನು ಕೈಯಲ್ಲಿ ಹಿಡಿದುಕೊಂಡು ಊರಿಂದ ಹೋದದ್ದು ಅಂದು ಬೆಳಿಗ್ಗೆ, ಗುರುವಾರ.